ದಣಿದ ಹೊತ್ತಲ್ಲಿ ಕಷ್ಟದ ಕೆಲಸ ಮುಗಿಸುವುದು ಹೇಗೆ? ಹಂತ ಹಂತವಾಗಿ ಒಂದು ಮಾರ್ಗದರ್ಶಿ

ರಾತ್ರಿ ಎಂಟು ಗಂಟೆ. ಫೈಲ್ ತೆರೆದು ಕೂತು ನಲವತ್ತು ನಿಮಿಷವಾಗಿದೆ. ಅಷ್ಟರಲ್ಲಿ ಮೇಜು ಒರೆಸಿದ್ದೇನೆ, ಹಳೆಯ ಇಮೇಲ್‌ಗಳನ್ನು ಅಳಿಸಿದ್ದೇನೆ, ಫೈಲಿನ ಹೆಸರನ್ನು ಎರಡು ಸಲ ಬದಲಾಯಿಸಿದ್ದೇನೆ. ಬರೆಯಬೇಕಿದ್ದ ಮೂರನೇ ಅಧ್ಯಾಯಕ್ಕೆ ಮಾತ್ರ ಒಂದು ಸಾಲೂ ಸೇರಿಲ್ಲ. ತೊಂಬತ್ತು ಪುಟದ ಒಂದು ವರದಿ ಅದು. ಆ ಅಧ್ಯಾಯದಲ್ಲೇ ನಾನು ಹನ್ನೊಂದು ದಿನ ಸಿಕ್ಕಿಕೊಂಡಿದ್ದೆ.

ಆ ಹನ್ನೊಂದು ದಿನವೂ ನಾನು ಕಾಯುತ್ತಿದ್ದದ್ದು ಹುಮ್ಮಸ್ಸಿಗಾಗಿ. ನಾಳೆ ಫ್ರೆಶ್ ಆಗಿರುತ್ತೇನೆ, ನಾಳೆ ಕೂತು ಒಂದೇ ಏಟಿಗೆ ಮುಗಿಸುತ್ತೇನೆ ಅಂತ. ನಾಳೆ ಬಂದಾಗ ಅದೂ ಇವತ್ತಿನಷ್ಟೇ ದಣಿದಿರುತ್ತಿತ್ತು. ಕೊನೆಗೆ ಹುಮ್ಮಸ್ಸೇನೂ ಬರಲಿಲ್ಲ. ಕೆಲಸವನ್ನೇ ಚಿಕ್ಕದು ಮಾಡಿಕೊಂಡೆ, ಅದು ಮುಂದಕ್ಕೆ ಹೋಯಿತು.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುವ ಮಾತನ್ನು ನಾವು ದುಡ್ಡಿನ ವಿಷಯಕ್ಕೆ ಬಳಸುತ್ತೇವೆ. ಮೈಯಲ್ಲಿರುವ ಶಕ್ತಿಗೂ ಅದನ್ನು ಬಳಸಬಹುದು. ದಣಿದ ದಿನ ಹಾಸಿಗೆ ಚಿಕ್ಕದು. ಆ ದಿನಕ್ಕೆ ಬೇಕಿರುವುದು ಜಾಸ್ತಿ ಉತ್ಸಾಹ ಅಲ್ಲ, ದಣಿದವರ ಕೈಗೂ ಎಟುಕುವಷ್ಟು ಚಿಕ್ಕದಾಗಿ ಕತ್ತರಿಸಿದ ಕೆಲಸ. ಕೆಳಗಿರುವ ಹಂತಗಳೆಲ್ಲ ಇದೇ ಕತ್ತರಿಸುವ ವಿದ್ಯೆಯ ಸುತ್ತ ಇವೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈಗಲೇ ಸುಸ್ತಾಗಿ ಕೂತು ಓದುತ್ತಿದ್ದರೆ ನೇರವಾಗಿ ನಾಲ್ಕನೇ ಹಂತಕ್ಕೆ ಹೋಗಿ, ಉಳಿದದ್ದನ್ನು ಆಮೇಲೆ ಓದಿ.

ಹಂತ 1: ಇದು ಯಾವ ದಣಿವು ಅಂತ ಗುರುತಿಸಿ

'ಸುಸ್ತಾಗಿದೆ' ಅನ್ನುವ ಒಂದೇ ಮಾತಿನಲ್ಲಿ ನಾವು ನಾಲ್ಕು ಬೇರೆ ಬೇರೆ ವಿಷಯ ಹೇಳುತ್ತಿರುತ್ತೇವೆ. ನಾಲ್ಕಕ್ಕೂ ಮದ್ದು ಬೇರೆ.

ಮೊದಲನೆಯದು ನಿದ್ದೆಯ ಸಾಲ. ಕಣ್ಣು ಉರಿಯುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೀರಿ, ಸಣ್ಣ ಲೆಕ್ಕ ತಪ್ಪುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು ಒಂದು ಹೋಲಿಕೆ ಮಾಡಿದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ 17 ಗಂಟೆ ಆಗಿರುತ್ತದೆ. 2003ರ ಇನ್ನೊಂದು ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನಶಕ್ತಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿಯಿತು. ಇನ್ನೂ ಕೆಟ್ಟದ್ದೆಂದರೆ ತಾವು ಎಷ್ಟು ಕುಸಿದಿದ್ದೇವೆ ಎಂಬುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ 'ನನಗೆ ಆರು ಗಂಟೆ ಸಾಕು, ಅಭ್ಯಾಸ ಆಗಿಬಿಟ್ಟಿದೆ' ಅನ್ನುವವರ ಮಾತನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ. ನಾನೂ ಹಾಗೆ ಹೇಳಿಕೊಂಡು ಓಡಾಡಿದವನೇ.

ಎರಡನೆಯದು ತಲೆಯ ದಣಿವು. ಮೈಗೇನೂ ಆಗಿಲ್ಲ, ಆದರೆ ಬೆಳಿಗ್ಗೆಯಿಂದ ಲೆಕ್ಕ, ಮೀಟಿಂಗ್, ತೀರ್ಮಾನ ಅಂತ ತಲೆ ಓಡಿ ಓಡಿ ನಿಂತಿದೆ. ಈಗ ನಡೆಯಲು ಹೋದರೆ ಎರಡು ಕಿಲೋಮೀಟರ್ ನಡೆಯಬಲ್ಲಿರಿ, ಒಂದು ಪ್ಯಾರಾ ಬರೆಯಲಾರಿರಿ.

ಮೂರನೆಯದು ಒತ್ತಡ. ಎದೆ ಬಿಗಿದಿರುತ್ತದೆ, ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಇಲ್ಲಿ ಶಕ್ತಿ ಇಲ್ಲದಿರುವುದಲ್ಲ ತೊಂದರೆ, ಇರುವ ಶಕ್ತಿ ಚಿಂತೆಗೆ ಖರ್ಚಾಗುತ್ತಿದೆ.

ನಾಲ್ಕನೆಯದು ದಣಿವೇ ಅಲ್ಲ. ಆ ಕೆಲಸದ ಬಗ್ಗೆ ಇರುವ ಅಳುಕು. ಹೇಗೆ ಮಾಡಬೇಕೋ ಗೊತ್ತಿಲ್ಲ, ತಪ್ಪಾದರೆ ಯಾರು ಏನನ್ನುತ್ತಾರೋ, ಅಥವಾ ಸುಮ್ನೆ ಬೇಜಾರು. ಅಳುಕು ಬಹಳ ಚೆನ್ನಾಗಿ ಸುಸ್ತಿನ ವೇಷ ಹಾಕುತ್ತದೆ. ಪತ್ತೆ ಹಚ್ಚಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಇದರ ಬದಲು ನನಗಿಷ್ಟವಾದ ಇನ್ನೊಂದು ಕೆಲಸ ಬಂದರೆ ಮಾಡುತ್ತೇನಾ? ತಕ್ಷಣ 'ಹೂಂ' ಅಂತ ಬಂದರೆ ನೀವು ದಣಿದಿಲ್ಲ. ಕೆಲಸ ಮುಂದೂಡುವುದು ಸಮಯದ ಲೆಕ್ಕ ತಪ್ಪಿದ್ದರಿಂದ ಅಲ್ಲ, ಆ ಕ್ಷಣದ ಕಿರಿಕಿರಿಯಿಂದ ತಪ್ಪಿಸಿಕೊಳ್ಳುವ ದಾರಿ ಅದು ಅಂತ ಫ್ಯೂಷಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು ವಾದಿಸುತ್ತಾರೆ. ನನ್ನ ಮೂರನೇ ಅಧ್ಯಾಯದ ಕಥೆಯೂ ಇದೇ. ಅದರಲ್ಲಿ ಬರಬೇಕಿದ್ದ ಒಂದು ಕೋಷ್ಟಕ ನನಗೆ ಅರ್ಥವೇ ಆಗಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಹನ್ನೊಂದು ದಿನ ಬೇಕಾಯಿತು.

ನಿದ್ದೆಯ ಸಾಲಕ್ಕೆ ನಿದ್ದೆಯೇ ಬೇಕು. ಗಡುವು ನಾಳೆ ಬೆಳಿಗ್ಗೆಯೇ ಇಲ್ಲದಿದ್ದರೆ ಮಲಗಿ, ಬೇಗ ಎದ್ದು ಮಾಡಿ. ಮಿಕ್ಕ ಮೂರಕ್ಕೆ ಮುಂದಿನ ಹಂತಗಳು ಕೆಲಸಕ್ಕೆ ಬರುತ್ತವೆ.

ಹಂತ 2: ಮೊದಲ ಇಪ್ಪತ್ತು ನಿಮಿಷ ಮೈಗೆ ಕೊಡಿ

ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಮೈ ಒಂದು ಕಡೆ ಮನಸ್ಸು ಒಂದು ಕಡೆ ಎಳೆಯುತ್ತಿದ್ದಾಗ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಮೊದಲು ಮೈ. ನೀರು ಕುಡಿಯಿರಿ. ಹೊಟ್ಟೆ ಹಸಿದಿದ್ದರೆ ಏನಾದರೂ ಹಗುರವಾದದ್ದು ತಿನ್ನಿ. ಮುಖ ತೊಳೆದು ಹತ್ತು ನಿಮಿಷ ನಡೆಯಿರಿ, ಸಾಧ್ಯವಾದರೆ ಹೊರಗೆ. ಫೋನ್ ಒಳಗೇ ಇರಲಿ.

ಮಧ್ಯಾಹ್ನವಾಗಿದ್ದರೆ ಒಂದು ಚಿಕ್ಕ ನಿದ್ದೆ ಮಾಡಿ. ದೂರದ ವಿಮಾನಯಾನದಲ್ಲಿ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ವಿಶ್ರಾಂತಿ ಕೊಟ್ಟು ನಾಸಾ ಒಂದು ಅಧ್ಯಯನ ನಡೆಸಿತ್ತು. ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ನಿದ್ದೆ ಮಾಡದವರಿಗಿಂತ ಆಮೇಲೆ ಹೆಚ್ಚು ಚುರುಕಾಗಿದ್ದರು. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಗೆ ಜಾರುತ್ತೀರಿ, ಎದ್ದ ಮೇಲೆ ತಲೆ ಭಾರ. ಹಾಗಾಗಿ 20-25 ನಿಮಿಷಕ್ಕೆ ಅಲಾರಂ ಇಡಿ. ಅಲಾರಂ ಕೈಗೆ ಸಿಗದಷ್ಟು ದೂರ ಇರಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೇ ಗೊತ್ತು, ಅಲ್ವಾ?

ಎದೆ ಬಿಗಿದಿದ್ದರೆ ಉಸಿರು. ಮೂಗಿನಿಂದ ಉಸಿರೆಳೆದುಕೊಳ್ಳಿ, ತುಂಬಿತು ಅನ್ನಿಸಿದ ಮೇಲೆ ಇನ್ನೊಂದು ಚಿಕ್ಕ ಉಸಿರು ಎಳೆಯಿರಿ, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡಿ. ಹೀಗೆ ಐದು ನಿಮಿಷ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ದಿನಕ್ಕೆ ಐದು ನಿಮಿಷ ಹೀಗೆ ಒಂದು ತಿಂಗಳು ಮಾಡಿದವರ ಮನಸ್ಥಿತಿ ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಕಾಫಿ-ಟೀ ಕುಡಿಯುವವರಿಗೆ ಒಂದು ಮಾತು. ಕೆಫೀನ್ ಶಕ್ತಿ ಕೊಡುವುದಿಲ್ಲ. ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಮಿದುಳಿನಲ್ಲಿ ಜಾಗ ಸಿಗದ ಹಾಗೆ ಅಡ್ಡ ಕೂರುತ್ತದೆ, ಅಷ್ಟೇ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗುತ್ತದೆ ಅಂತ 2013ರ ಒಂದು ಅಧ್ಯಯನ ತೋರಿಸಿದೆ. ಸಂಜೆಯ ಲೋಟ ನಾಳೆಯ ನಿಮ್ಮಿಂದ ತಂದ ಕೈಗಡ.

ಹಂತ 3: ತಲೆಯಲ್ಲಿರುವುದನ್ನು ಕಾಗದಕ್ಕೆ ಸುರಿಯಿರಿ

ಐದರಿಂದ ಹತ್ತು ನಿಮಿಷ. ಒಂದು ಖಾಲಿ ಹಾಳೆ ತೆಗೆದುಕೊಂಡು ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಬರೆಯಿರಿ. ಕಟ್ಟಬೇಕಾದ ಬಿಲ್ಲು, ಕೊಡಬೇಕಾದ ಉತ್ತರ, ಯಾರದೋ ಮೇಲಿನ ಸಿಟ್ಟು, ಈ ಕೆಲಸ ಕೆಟ್ಟರೆ ಏನಾಗುತ್ತದೋ ಎಂಬ ಹೆದರಿಕೆ. ಅಂದ ಚಂದ ಬೇಡ, ನೀವಲ್ಲದೆ ಯಾರೂ ಓದುವುದಿಲ್ಲ.

ಇದರ ಹಿಂದೆ ಒಳ್ಳೆಯ ಕಾರಣವಿದೆ. 2011ರಲ್ಲಿ ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಹೆದರಿಕೆಯ ಬಗ್ಗೆಯೇ ಬರೆದ ವಿದ್ಯಾರ್ಥಿಗಳು, ಅದರಲ್ಲೂ ಪರೀಕ್ಷೆಗೆ ತುಂಬಾ ಹೆದರುವವರು, ಉಳಿದವರಿಗಿಂತ ಚೆನ್ನಾಗಿ ಬರೆದರು. ಅದೇ ವರ್ಷದ ಇನ್ನೊಂದು ಅಧ್ಯಯನ ಮುಗಿಯದ ಕೆಲಸಗಳ ಕಾಟದ ಬಗ್ಗೆ ಇತ್ತು. ಅವನ್ನು ಮುಗಿಸಲೇಬೇಕಿಲ್ಲ, ಎಲ್ಲಿ, ಯಾವಾಗ, ಹೇಗೆ ಮಾಡುತ್ತೇನೆ ಅಂತ ಗಟ್ಟಿಯಾಗಿ ಗೊತ್ತುಮಾಡಿಕೊಂಡರೆ ಸಾಕು, ಅವು ಮಧ್ಯೆ ಬಂದು ಕಾಡುವುದು ಕಡಿಮೆಯಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಹಾಳೆಯಲ್ಲಿರುವ ಪ್ರತಿಯೊಂದರ ಮುಂದೆ 'ನಾಳೆ ಬೆಳಿಗ್ಗೆ 10ಕ್ಕೆ', 'ಭಾನುವಾರ', 'ನನ್ನ ಕೈಯಲ್ಲಿಲ್ಲ' ಎಂದು ಏನಾದರೊಂದು ಗುರುತು ಹಾಕಿ. ಹಾಳೆಯನ್ನು ಮಡಚಿ ಪಕ್ಕಕ್ಕಿಡಿ.

ಹಂತ 4: ಕೆಲಸವನ್ನು ಕತ್ತರಿಸಿ

ಇದಕ್ಕೆ ಬೇರೆಲ್ಲ ಹಂತಕ್ಕಿಂತ ಹೆಚ್ಚು ಹೊತ್ತು ಕೊಡಿ.

ಪಟ್ಟಿಯಲ್ಲಿ 'ವರದಿ' ಅಂತ ಬರೆದರೆ ಅದು ಕೆಲಸವಲ್ಲ, ಹೆಸರು. ಹೆಸರನ್ನು ಯಾರೂ ಮಾಡಲಾರರು. ಕೆಲಸಕ್ಕೆ ಕ್ರಿಯಾಪದ ಬೇಕು, ಅದೂ ಕೈಯಿಂದ ಮಾಡುವಂಥದ್ದು. 'ಮೂರನೇ ಅಧ್ಯಾಯ ಮುಗಿಸುವುದು' ಇನ್ನೂ ದೊಡ್ಡದು. 'ಕೋಷ್ಟಕದ ಕೊನೆಯ ಎರಡು ಕಾಲಂ ಏನು ಅಂತ ಸಹೋದ್ಯೋಗಿಗೆ ಮೆಸೇಜ್ ಹಾಕುವುದು' ಸರಿಯಾದ ಅಳತೆ. ನಾನು ಕೊನೆಗೆ ಮಾಡಿದ್ದೂ ಅದನ್ನೇ. ಎರಡು ಸಾಲಿನ ಮೆಸೇಜ್. ಹನ್ನೊಂದು ದಿನದ ಗಂಟು ಒಂದು ಗಂಟೆಯಲ್ಲಿ ಬಿಚ್ಚಿತು. ಆವಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕತ್ತರಿಸುವಾಗ ಹೀಗೆ ಮಾಡಿ.

ಒಂದು: ಪೂರ್ತಿ ಕೆಲಸವನ್ನು ತುಂಡುಗಳಾಗಿ ಬರೆಯಿರಿ. ಒಂದು ತುಂಡು 15ರಿಂದ 30 ನಿಮಿಷದೊಳಗೆ ಮುಗಿಯಬೇಕು. ಅದಕ್ಕಿಂತ ದೊಡ್ಡದಾದರೆ ಮತ್ತೆ ಒಡೆಯಿರಿ. ಹೇಗೆ ಒಡೆಯಬೇಕೆಂದು ತೋಚದಿದ್ದರೆ ನಿಮಗೆ ಆ ಭಾಗ ಅರ್ಥವಾಗಿಲ್ಲ ಅಂತಲೇ ಅರ್ಥ. ಆಗ ಮೊದಲ ತುಂಡು 'ಯಾರನ್ನು ಕೇಳಲಿ, ಎಲ್ಲಿ ಓದಲಿ' ಎಂಬುದು.

ಎರಡು: ತುಂಡುಗಳನ್ನು ಎರಡು ರಾಶಿ ಮಾಡಿ. ತಲೆ ಬೇಡುವವು ಒಂದು ಕಡೆ, ಕೈ ಬೇಡುವವು ಇನ್ನೊಂದು ಕಡೆ. ವಾದ ಕಟ್ಟುವುದು, ತಪ್ಪು ಹುಡುಕುವುದು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು ತಲೆಯ ಕೆಲಸ. ಪುಟಸಂಖ್ಯೆ ಹಾಕುವುದು, ಚಿತ್ರಗಳನ್ನು ಒಂದು ಫೋಲ್ಡರಿಗೆ ಸೇರಿಸುವುದು, ಅಂಕಿ ತುಂಬುವುದು ಕೈಯ ಕೆಲಸ. ದೊಡ್ಡ ಕೆಲಸ ಯಾವುದೇ ಇರಲಿ, ಅದರಲ್ಲಿ ಕೈಯ ಕೆಲಸ ಧಾರಾಳವಾಗಿ ಇರುತ್ತದೆ. ನಾವು ಅದನ್ನು ಬೆಳಿಗ್ಗೆ ತಲೆ ಚುರುಕಾಗಿದ್ದಾಗ ಮಾಡಿ ಮುಗಿಸಿಬಿಟ್ಟು, ತಲೆಯ ಕೆಲಸವನ್ನು ರಾತ್ರಿಗೆ ಉಳಿಸಿಕೊಳ್ಳುತ್ತೇವೆ. ತಿರುಗಿಸಿ. ದಣಿದ ಹೊತ್ತಿಗೆಂದೇ ಕೈಯ ಕೆಲಸದ ಒಂದು ರಾಶಿ ಕಾದಿಡಿ.

ಮೂರು: 'ಇಷ್ಟಾದರೆ ಸಾಕು' ಎಂಬ ಗೆರೆ ಎಳೆಯಿರಿ. ಇವತ್ತು ಏನಾದರೆ ಮುಗಿದ ಹಾಗೆ? ಈ ಗೆರೆ ಇಲ್ಲದಿದ್ದರೆ ಎಷ್ಟು ಮಾಡಿದರೂ ಕಡಿಮೆ ಅನ್ನಿಸುತ್ತದೆ, ಶುರು ಮಾಡಲೂ ಮನಸ್ಸು ಬರುವುದಿಲ್ಲ. ಕೊನೆ ಕಾಣದ ರಸ್ತೆಗೆ ಯಾರು ತಾನೇ ಕಾಲಿಡುತ್ತಾರೆ?

ನಾಲ್ಕು: ಪಟ್ಟಿಯಿಂದ ಏನನ್ನಾದರೂ ತೆಗೆಯಿರಿ. ಪ್ರತಿ ದೊಡ್ಡ ಕೆಲಸದಲ್ಲೂ ಯಾರೂ ಕೇಳದೆ ನಾವೇ ಸೇರಿಸಿಕೊಂಡ ಭಾಗ ಇರುತ್ತದೆ. ನನ್ನ ವರದಿಗೆ ನಾನೊಂದು ಅನುಬಂಧ ಯೋಜಿಸಿದ್ದೆ, ಬಣ್ಣ ಬಣ್ಣದ ನಕ್ಷೆಗಳ ಸಮೇತ. ಕೈಬಿಟ್ಟೆ. ಯಾರೂ ಕೇಳಲಿಲ್ಲ.

ದಣಿದಿದ್ದಾಗ ಕತ್ತರಿಸುವುದೇ ಕಷ್ಟ ಅನ್ನುತ್ತೀರಾ? ನಿಜ, ಯೋಜನೆ ಮಾಡುವುದೂ ತಲೆಯ ಕೆಲಸವೇ. ಅದಕ್ಕೇ ಇದನ್ನು ಹಿಂದಿನ ದಿನ ಅಥವಾ ಬೆಳಿಗ್ಗೆ ಮಾಡಿಡುವುದು ಒಳ್ಳೆಯದು. ಅದು ಆಗದಿದ್ದರೆ ಮೊದಲ ಒಂದೇ ಒಂದು ತುಂಡನ್ನು ಕತ್ತರಿಸಿ ಸಾಕು. ಎರಡನೆಯದು ಮೊದಲನೆಯದರ ಕೊನೆಯಲ್ಲಿ ತಾನಾಗಿ ಕಾಣುತ್ತದೆ.

ಹಂತ 5: ಯಾವಾಗ, ಎಲ್ಲಿ ಅಂತ ಮೊದಲೇ ಗೊತ್ತುಮಾಡಿ

'ಸಂಜೆ ಸ್ವಲ್ಪ ಮಾಡುತ್ತೇನೆ' ಅನ್ನುವುದು ಯೋಜನೆಯಲ್ಲ, ಆಸೆ. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ದಶಕಗಳ ಕಾಲ ಅಧ್ಯಯನ ಮಾಡಿದ ಒಂದು ಸರಳ ವಾಕ್ಯವಿದೆ: 'ಇಂಥದ್ದು ಆದಾಗ, ನಾನು ಇಂಥದ್ದು ಮಾಡುತ್ತೇನೆ.' 2006ರಲ್ಲಿ ಅವರು ಪ್ಯಾಸ್ಕಲ್ ಶೀರನ್ ಜೊತೆ ಸೇರಿ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಗುರಿ ಇಟ್ಟುಕೊಂಡವರಿಗಿಂತ ಈ ಥರ ವಾಕ್ಯ ಕಟ್ಟಿಕೊಂಡವರು ಗುರಿ ಮುಟ್ಟಿದ್ದು ಸಾಕಷ್ಟು ಹೆಚ್ಚು.

ಇದು ದಣಿದವರಿಗೆ ಯಾಕೆ ಒಗ್ಗುತ್ತದೆ ಅಂದರೆ, ಆ ಹೊತ್ತಿನಲ್ಲಿ ತೀರ್ಮಾನ ಮಾಡುವ ಕೆಲಸವೇ ಇರುವುದಿಲ್ಲ. ತೀರ್ಮಾನ ಮೊದಲೇ ಆಗಿದೆ. 'ಊಟದ ತಟ್ಟೆ ತೊಳೆದಿಟ್ಟ ತಕ್ಷಣ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎರಡನೇ ತುಂಡು ತೆರೆಯುತ್ತೇನೆ.' ಗಡಿಯಾರಕ್ಕಿಂತ ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕುವುದು ನನಗೆ ಹೆಚ್ಚು ಕೆಲಸ ಮಾಡಿದೆ. ಎಂಟು ಗಂಟೆ ಬಂದು ಹೋಗುವುದು ಗೊತ್ತೇ ಆಗುವುದಿಲ್ಲ, ತಟ್ಟೆ ತೊಳೆದದ್ದು ಗೊತ್ತಾಗುತ್ತದೆ.

ಅಡ್ಡಿಗಳಿಗೂ ಒಂದೆರಡು ವಾಕ್ಯ ಮಾಡಿಕೊಳ್ಳಿ. 'ಫೋನ್ ಕಡೆ ಕೈ ಹೋದಾಗ, ಎದ್ದು ನಿಂತು ಒಂದು ಗುಟುಕು ನೀರು ಕುಡಿಯುತ್ತೇನೆ.' ಹತ್ತು ವಾಕ್ಯ ಬೇಡ. ಎರಡು ಸಾಕು.

ಹಂತ 6: ಐದು ನಿಮಿಷ, ಕೆಟ್ಟದಾಗಿ

ಈಗ ಶುರು ಮಾಡಿ. ನಿಮ್ಮ ಜೊತೆ ನೀವೇ ಒಪ್ಪಂದ ಮಾಡಿಕೊಳ್ಳಿ: ಐದು ನಿಮಿಷ ಮಾಡುತ್ತೇನೆ, ಆಮೇಲೆ ಬೇಡ ಅನ್ನಿಸಿದರೆ ಏಳುತ್ತೇನೆ. ಒಪ್ಪಂದ ನಿಜವಾದದ್ದಾಗಿರಬೇಕು. ಐದು ನಿಮಿಷವಾದ ಮೇಲೆ ಏಳಬೇಕೆನಿಸಿದರೆ ನಿಜವಾಗಿಯೂ ಎದ್ದುಬಿಡಿ. ಒಮ್ಮೆ ಮೋಸ ಮಾಡಿದರೆ ಮುಂದಿನ ಸಲ ಮನಸ್ಸು ನಂಬುವುದಿಲ್ಲ.

ಸಾಮಾನ್ಯವಾಗಿ ಏಳುವುದಿಲ್ಲ. ಕೆಲಸದ ಬಗ್ಗೆ ಯೋಚಿಸುವಾಗಿನ ಕಷ್ಟ ಕೆಲಸದೊಳಗೆ ಅಷ್ಟಾಗಿ ಇರುವುದಿಲ್ಲ. ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲೊಂದು ಇದೇ ತತ್ವದ ಮೇಲೆ ನಿಂತಿದೆ: ಮನಸ್ಸು ಸರಿಹೋಗಲಿ ಅಂತ ಕಾಯದೆ ಮೊದಲು ಚಿಕ್ಕದೊಂದು ಕೆಲಸ ಮಾಡು, ಮನಸ್ಸು ಹಿಂದೆ ಬರುತ್ತದೆ. ನಾವು ಹುಮ್ಮಸ್ಸನ್ನು ಗಾಡಿಯ ಮುಂದಿನ ಎತ್ತು ಅಂದುಕೊಂಡಿದ್ದೇವೆ. ಎಷ್ಟೋ ಸಲ ಅದು ಗಾಡಿಯ ಹಿಂದೆ ಏಳುವ ಧೂಳು.

ಮತ್ತೆ, ಮೊದಲ ಸುತ್ತು ಕೆಟ್ಟದಾಗಿಯೇ ಇರಲಿ. ಬರೆಯುವವರಾದರೆ 'ಇಲ್ಲಿ ಆ ಅಂಕಿ ಬರಬೇಕು, ಆಮೇಲೆ ನೋಡೋಣ' ಅಂತಲೇ ಬರೆಯಿರಿ. ಓದುವವರಾದರೆ ಬರೀ ತಲೆಬರಹ ಓದಿ. ಲೆಕ್ಕ ಮಾಡುವವರಾದರೆ ಪ್ರಶ್ನೆಯನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ. ದಣಿದ ಹೊತ್ತಿನಲ್ಲಿ ಚೆನ್ನಾಗಿ ಮಾಡಬೇಕು ಅನ್ನುವ ಹಟವೇ ಬಹಳ ಜನರನ್ನು ಕೂರಿಸಿಬಿಡುತ್ತದೆ. ಹಾಗಂತ ವಾಹನ, ಯಂತ್ರ, ಔಷಧಿ, ದೊಡ್ಡ ಮೊತ್ತದ ಹಣ, ಇಂಥ ಕೆಲಸಗಳಿಗೆ ಈ ಮಾತು ಅನ್ವಯಿಸಬೇಡಿ. ಅವನ್ನು ದಣಿದಾಗ ಮುಟ್ಟದಿರುವುದೇ ಸರಿ.

ಹಂತ 7: ನಡುವೆ ಕುಸಿಯದಂತೆ ನೋಡಿಕೊಳ್ಳಿ

ಶುರುವಾಯಿತು. ಇನ್ನು ಟೈಮರ್ ಇಟ್ಟುಕೊಳ್ಳಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪದ್ಧತಿ ಎಲ್ಲರಿಗೂ ಗೊತ್ತಿದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಅದಕ್ಕೇ ಪೊಮೊಡೊರೊ ಅನ್ನುವ ಹೆಸರು, ಇಟಲಿಯ ಭಾಷೆಯಲ್ಲಿ ಟೊಮೆಟೊ ಅಂತ. ಆದರೆ 25 ಎಂಬುದು ಮಂತ್ರವಲ್ಲ. ತುಂಬಾ ದಣಿದ ದಿನ ನಾನು 12 ನಿಮಿಷ ಇಡುತ್ತೇನೆ. ಯಾರೂ ಬಂದು ದಂಡ ಹಾಕಿಲ್ಲ.

ಬಿಡುವು ಹೇಗಿರಬೇಕು? ಕಣ್ಣು ಪರದೆಯಿಂದ ಬೇರೆಡೆಗೆ ಹೋಗಬೇಕು, ಮೈ ಕುರ್ಚಿಯಿಂದ ಏಳಬೇಕು. ಹತ್ತು ನಿಮಿಷದೊಳಗಿನ ಚಿಕ್ಕ ಬಿಡುವುಗಳ ಬಗ್ಗೆ ನಡೆದ 22 ಅಧ್ಯಯನಗಳನ್ನು 2022ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಅವು ದಣಿವು ಇಳಿಸಿ ಚೈತನ್ಯ ಕೊಡುವುದು ಕಂಡಿತು. ಆದರೆ ತಲೆಗೆ ತುಂಬಾ ಕೆಲಸ ಕೊಡುವ ವಿಷಯಗಳಲ್ಲಿ ಕೆಲಸದ ಗುಣಮಟ್ಟ ಏರಲು ಅಷ್ಟು ಸಾಲದೇ ಇರಬಹುದು ಅಂತಲೂ ಆ ಸಂಶೋಧಕರು ಹೇಳಿದರು. ಹಾಗಾಗಿ ಎರಡು ಮೂರು ಸುತ್ತಿನ ನಂತರ ಇಪ್ಪತ್ತು ನಿಮಿಷದ ದೊಡ್ಡ ಬಿಡುವು ಇರಲಿ.

ಫೋನಿನಲ್ಲಿ ಬಿಡುವು ಕಳೆಯುವುದರ ತೊಂದರೆ ಬೇರೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಬಿಡುವಿನಲ್ಲಿ ಒಂದು ಕಹಿ ಸುದ್ದಿ ಓದಿದರೆ ಅದನ್ನೇ ಹೊತ್ತುಕೊಂಡು ಕೆಲಸಕ್ಕೆ ವಾಪಸ್ ಬರುತ್ತೀರಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ಒತ್ತಡ ಏರುತ್ತಿದೆ ಅನ್ನಿಸಿದರೆ ಗಡುವಿನ ಮಾತು ಹೇಳಿಕೊಂಡು ಇನ್ನಷ್ಟು ಹೆದರಿಸಿಕೊಳ್ಳಬೇಡಿ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡದ್ದು: ಸುಲಭದ ಪಾಠವನ್ನು ಜೋರು ಶಾಕ್ ಕೊಟ್ಟಾಗ ಬೇಗ ಕಲಿತವು, ಕಷ್ಟದ ಪಾಠದಲ್ಲಿ ಶಾಕ್ ಒಂದು ಮಟ್ಟ ಮೀರಿದರೆ ಕಲಿಕೆ ಕೆಟ್ಟಿತು. ನಾವು ಇಲಿಗಳಲ್ಲ, ನಿಜ. ಆದರೆ ಕೊನೆ ಗಳಿಗೆಯ ಗಾಬರಿಯಲ್ಲಿ ಪಾತ್ರೆ ತೊಳೆಯಬಹುದು, ಲೆಕ್ಕಪತ್ರ ತಿದ್ದಲಾಗದು ಅನ್ನುವುದು ನಮಗೂ ಗೊತ್ತಿರುವ ವಿಷಯವೇ.

ಇಲ್ಲೊಂದು ಅಡ್ಡ ಮಾತು. ಮನೋಬಲ ಅನ್ನುವುದು ಟ್ಯಾಂಕಿನ ನೀರಿನಂತೆ, ಬಳಸಿದಷ್ಟು ಖಾಲಿ ಅಂತ ನೀವೂ ಕೇಳಿರಬಹುದು. 1998ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು ಮಾಡಿದ ಪ್ರಯೋಗದಿಂದ ಆ ಮಾತು ಹಬ್ಬಿತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ಹಾಗಂತ ತಲೆಯ ದಣಿವೇ ಸುಳ್ಳಲ್ಲ. ದಿನವಿಡೀ ಕಷ್ಟದ ಯೋಚನೆಯ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಶೇಖರವಾಗಿರುವುದನ್ನು 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು ಕಂಡರು. ಅಂಥವರು ಶ್ರಮ ಬೇಡದ, ಬೇಗ ಸಿಗುವ ಲಾಭದ ಕಡೆ ವಾಲುತ್ತಿದ್ದರು. ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು: ಸಂಜೆ ಹೊತ್ತಿಗೆ ಸುಲಭದ್ದರ ಕಡೆ ಜಾರುವುದು ನನ್ನ ಸೋಮಾರಿತನವಲ್ಲ. ಆದರೆ ಟ್ಯಾಂಕ್ ಖಾಲಿ, ಇನ್ನೇನೂ ಆಗದು ಅಂತ ಕೈಚೆಲ್ಲಲೂ ಕಾರಣವಿಲ್ಲ.

ಹಂತ 8: ನಿಲ್ಲಿಸುವುದನ್ನೂ ಕಲಿಯಿರಿ

ಪೂರ್ತಿ ಬಸವಳಿದು ಬೀಳುವವರೆಗೆ ಮಾಡಬೇಡಿ. ಮುಂದಿನ ಹೆಜ್ಜೆ ಏನು ಅಂತ ಇನ್ನೂ ಗೊತ್ತಿರುವಾಗಲೇ ನಿಲ್ಲಿಸಿ. ಏಳುವ ಮುಂಚೆ ಎರಡು ಸಾಲು ಬರೆದಿಡಿ: ಎಲ್ಲಿಗೆ ಬಂತು, ನಾಳೆ ಮೊದಲು ಯಾವ ಬೆರಳು ಎಲ್ಲಿಡಬೇಕು. 'ನಾಳೆ: 41ನೇ ಪುಟ, ಎರಡನೇ ಪ್ಯಾರಾ, ಆ ಉದಾಹರಣೆ ತೆಗೆದು ಹೊಸದು ಹಾಕು.' ನಾಳೆ ಬರುವ ದಣಿದ ಮನುಷ್ಯನಿಗೆ ಇದು ನೀವು ಬರೆದಿಟ್ಟ ಚೀಟಿ. ಅವರ ಮೇಲೆ ಸ್ವಲ್ಪ ಕರುಣೆ ಇರಲಿ.

ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಒಂದು ಸೆಳೆತವೂ ಇರುತ್ತದೆ. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ವಿದ್ಯಾರ್ಥಿನಿಯರಿಬ್ಬರು ಇದನ್ನು ಬೇರೆ ಬೇರೆ ಕಡೆಯಿಂದ ಪರೀಕ್ಷಿಸಿದರು. ಅರ್ಧ ಬಿಟ್ಟದ್ದು ಹೆಚ್ಚು ನೆನಪಿರುತ್ತದೆ ಎಂಬ ಬ್ಲೂಮಾ ಜೈಗಾರ್ನಿಕ್ ಅವರ ಮಾತು ಹೆಚ್ಚು ಪ್ರಸಿದ್ಧ. ಅವಕಾಶ ಸಿಕ್ಕರೆ ಜನ ಅರ್ಧ ಬಿಟ್ಟ ಕೆಲಸಕ್ಕೆ ತಾವಾಗಿ ಮರಳುತ್ತಾರೆ ಅಂತ ಮರಿಯಾ ಒವ್ಸಿಯಾಂಕಿನಾ ತೋರಿಸಿದ್ದು ನಮಗೆ ಇಲ್ಲಿ ಹೆಚ್ಚು ಉಪಯೋಗ.

ಹಂತ 9: ಒಂದು ದಿನ ತಪ್ಪಿದರೆ

ತಪ್ಪುತ್ತದೆ. ಆಗ ಬೈದುಕೊಳ್ಳಬೇಡಿ. ಒಳ್ಳೆಯತನಕ್ಕೆ ಹೇಳುತ್ತಿಲ್ಲ, ಉಪಯೋಗವಿಲ್ಲ ಅಂತ ಹೇಳುತ್ತಿದ್ದೇನೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಉದ್ದಕ್ಕೂ ಗಮನಿಸಿತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಮುಂದೂಡಿದ್ದು ಕಡಿಮೆ. ಬೈದುಕೊಂಡಷ್ಟೂ ಆ ಕೆಲಸ ನೆನಪಾದಾಗಲೆಲ್ಲ ಕಹಿಯೂ ನೆನಪಾಗುತ್ತದೆ, ಕಹಿಯಿಂದ ತಪ್ಪಿಸಿಕೊಳ್ಳಲು ಮತ್ತೆ ಮುಂದೂಡುತ್ತೇವೆ.

ತಪ್ಪಿದ ಮರುದಿನ ಎರಡು ದಿನದ ಕೆಲಸ ಹೇರಿಕೊಳ್ಳಬೇಡಿ. ಮಾಮೂಲಿಯ ಅರ್ಧ ಮಾಡಿ. ಬಡ್ಡಿ ಕಟ್ಟುವ ಆಟ ಶುರುವಾದರೆ ಅದು ಮುಗಿಯುವುದಿಲ್ಲ.

ವಾರಗಟ್ಟಲೆಯ ಕೆಲಸವಾದರೆ

ನಮ್ಮ ಅಂದಾಜುಗಳು ಯಾವಾಗಲೂ ಹಗುರ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಕ್ಕೆ ಮುಗಿಯುತ್ತದೆ ಅಂದಿದ್ದರು. ಆದದ್ದು ಸುಮಾರು 55 ದಿನಕ್ಕೆ. ಆದ್ದರಿಂದ ನಿಮ್ಮ ಅಂದಾಜಿಗೆ ಅರ್ಧ ಸೇರಿಸಿ. ಆಮೇಲೂ ಸ್ವಲ್ಪ ಮೀರಬಹುದು, ಗಾಬರಿ ಬೇಡ.

ಮಾಡಿದ್ದನ್ನು ದಿನವೂ ಒಂದು ಸಾಲು ಬರೆದಿಡಿ. ದಣಿದವರಿಗೆ ಆಗದೆ ಉಳಿದದ್ದೇ ಕಾಣುತ್ತದೆ, ಆದದ್ದು ಕಾಣುವುದಿಲ್ಲ. ಜೊತೆಗೆ ಯಾರಾದರೂ ಒಬ್ಬರಿಗೆ ಹೇಳಿಡಿ. ಹತ್ತು ಜನರಿಗೆ ಸಾರುವುದು ಬೇಡ, ಶುಕ್ರವಾರ ಸಂಜೆ 'ಎಲ್ಲಿಗೆ ಬಂತು?' ಅಂತ ಕೇಳುವ ಒಬ್ಬರು ಸಾಕು.

ಇನ್ನೊಂದು ಮುಖ್ಯ ವಿಷಯ. ಎರಡು ವಾರಕ್ಕೂ ಜಾಸ್ತಿ ದಿನ, ಹೆಚ್ಚುಕಡಿಮೆ ಇಡೀ ದಿನ ಮನಸ್ಸು ಕುಸಿದಿದ್ದರೆ, ಮೊದಲು ಇಷ್ಟವಾಗಿದ್ದದ್ದೂ ಬೇಡ ಅನ್ನಿಸುತ್ತಿದ್ದರೆ, ನಿದ್ದೆ ಮಾಡಿದರೂ ದಣಿವು ಹೋಗದಿದ್ದರೆ ಈ ಹಂತಗಳನ್ನೆಲ್ಲ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಖಿನ್ನತೆ, ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸಮಸ್ಯೆ ಎಲ್ಲವೂ 'ಸುಸ್ತು' ಅಂತಲೇ ಶುರುವಾಗಬಹುದು. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಕಾಯಬೇಡಿ, ಆವತ್ತೇ ನಂಬುವ ಒಬ್ಬರಿಗೆ ಹೇಳಿ, ಸಹಾಯ ಪಡೆಯಿರಿ. ಇನ್ನು ಕೆಲಸದ ಜಾಗದಲ್ಲೇ ಇಬ್ಬರ ಹೊರೆ ಒಬ್ಬರ ಮೇಲಿದ್ದರೆ ಯಾವ ಟೈಮರೂ ಅದನ್ನು ಸರಿಮಾಡದು. ಆಗ ಕತ್ತರಿಸಬೇಕಾದದ್ದು ನಿಮ್ಮ ಪಟ್ಟಿಯನ್ನಲ್ಲ, ಮೇಲಿನವರ ಜೊತೆ ಮಾತಾಡಿ ಹೊರೆಯನ್ನೇ.

ಹಂತ 10: ಕೊನೆಯ ಗೇಣು

ಗುರಿ ಹತ್ತಿರವಾದಂತೆ ವೇಗ ಹೆಚ್ಚುತ್ತದೆ ಅಂತ 1930ರ ದಶಕದಲ್ಲೇ ಕ್ಲಾರ್ಕ್ ಹಲ್ ಹೇಳಿದ್ದರು. ಆದರೆ ನನ್ನ ಅನುಭವದಲ್ಲಿ, ಬೇರೆಯವರಿಗೆ ತೋರಿಸಬೇಕಾದ ಕೆಲಸ ಶೇ 95ಕ್ಕೆ ಬಂದು ನಿಂತುಬಿಡುತ್ತದೆ. ಇನ್ನೊಮ್ಮೆ ತಿದ್ದೋಣ, ಇನ್ನೊಂದು ದಿನ ನೋಡೋಣ. ಅಳುಕು ಮತ್ತೆ ಸುಸ್ತಿನ ವೇಷದಲ್ಲಿ ಬಂದು ಕೂತಿರುತ್ತದೆ. ಆಗ ಉಳಿದಿರುವುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಏಳಕ್ಕಿಂತ ಹೆಚ್ಚು ಸಾಲು ಬೇಡ. ಹೊಸದೇನೂ ಸೇರಿಸುವಂತಿಲ್ಲ, ಹೊಡೆದು ಹಾಕುತ್ತಾ ಹೋಗುವುದಷ್ಟೇ. ಕೊನೆಯ ಸಾಲು 'ಕಳಿಸು' ಅಂತಿರಲಿ, ಮುಂದೆ ದಿನ ಮತ್ತು ಹೊತ್ತು.

ನನ್ನ ಚೀಟಿಯಲ್ಲಿ ಐದು ಸಾಲು ಇದ್ದವು. ನಾಲ್ಕನ್ನು ಹೊಡೆದು ಹಾಕಿದಾಗ ರಾತ್ರಿ ಒಂಬತ್ತೂವರೆ. 62ನೇ ಪುಟದಲ್ಲಿ ಒಂದು ಕಾಗುಣಿತ ತಪ್ಪು ಉಳಿದಿತ್ತು, ಅದು ಕಾಣಿಸಿದ್ದು ಕಳಿಸಿದ ಮೇಲೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.